ಸಂಗೀತ ಸಂಜೆಗೆ ಮುನ್ನ ಮಕ್ಕಳ ನಿದ್ದೆ ಮತ್ತು ವಿಶ್ರಾಂತಿಯ ಕುರಿತು ಪೋಷಕರಿಗೆ ಪತ್ರ

ಮೈಸೂರು
ಡಿಸೆಂಬರ್ 12

ಮಾನ್ಯ ಪೋಷಕರೇ,

ಇದೇ ತಿಂಗಳ 20ರ ಶನಿವಾರ ಸಂಜೆ 5.30ಕ್ಕೆ ನಮ್ಮ ಶಾಲೆಯ ಬಯಲು ರಂಗಮಂದಿರದಲ್ಲಿ ವಾರ್ಷಿಕ ಸಂಗೀತ ಸಂಜೆ ನಡೆಯಲಿರುವುದು ತಮಗೆ ತಿಳಿದೇ ಇದೆ. ಗಾಯನ, ವೀಣೆ, ಪಿಟೀಲು, ಕೊಳಲು, ಮೃದಂಗ ಎಲ್ಲ ಸೇರಿ ಈ ಬಾರಿ 46 ಮಕ್ಕಳು ವೇದಿಕೆ ಏರುತ್ತಿದ್ದಾರೆ. ಜೂನ್ ತಿಂಗಳಿಂದ ಅವರು ಮಾಡಿರುವ ಅಭ್ಯಾಸ ಸಾಕಷ್ಟಿದೆ ಎಂದು ಸಂಗೀತ ಶಿಕ್ಷಕಿಯರು ಹೇಳಿದ್ದಾರೆ. ನಾನೂ ಎರಡು ದಿನ ಕುಳಿತು ಕೇಳಿದ್ದೇನೆ. ಆದ್ದರಿಂದ ಮನೆಯಲ್ಲಿ ಅಭ್ಯಾಸ ಹೆಚ್ಚಿಸಿರೆಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಇನ್ನುಳಿದ ದಿನಗಳಲ್ಲಿ, ಅದರಲ್ಲೂ ಕೊನೆಯ ಮೂರು ದಿನಗಳಲ್ಲಿ, ಮಕ್ಕಳು ದಣಿಯದಂತೆ ನೋಡಿಕೊಂಡು ವೇದಿಕೆಗೆ ಕಳುಹಿಸಿಕೊಡಿ ಎಂಬುದೇ ನನ್ನ ಕೋರಿಕೆ.

ಕಳೆದ ವರ್ಷ ನಡೆದದ್ದನ್ನು ಮೊದಲು ಹೇಳಬೇಕು, ಏಕೆಂದರೆ ಅದರಲ್ಲಿ ತಪ್ಪು ನನ್ನದು. ಕಾರ್ಯಕ್ರಮದ ಹಿಂದಿನ ದಿನ ತಾಲೀಮನ್ನು ರಾತ್ರಿ ಎಂಟೂವರೆಯವರೆಗೆ ನಡೆಸಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ಮರುದಿನ ಮಧ್ಯಾಹ್ನ ಎರಡು ಗಂಟೆಗೇ ಎಲ್ಲ ಮಕ್ಕಳನ್ನೂ ಬರಹೇಳಿದೆವು. ಎಂಟನೆಯ ತರಗತಿಯ ಒಬ್ಬ ಹುಡುಗಿ ಮೊಗ್ಗಿನ ಜಡೆ ಹಾಕಿಸಿಕೊಂಡು, ರೇಷ್ಮೆ ಲಂಗದ ನೆರಿಗೆ ಕೆಡಬಾರದೆಂದು ಬೆಂಚಿನ ತುದಿಯಲ್ಲಿ ಕುಳಿತು, ತನ್ನ ಸರದಿಗಾಗಿ ಸಂಜೆ ಏಳರವರೆಗೆ ಕಾದಳು. ನಾನು ಒಳಗೆ ಹೋಗಿ ನೋಡಿದಾಗ ಗೋಡೆಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಜಡೆಯ ಮೊಗ್ಗುಗಳು ನಾಲ್ಕಾರು ಅರಳಿ ಹೆಗಲ ಮೇಲೆ ಉದುರಿದ್ದವು. ವೇದಿಕೆಯಲ್ಲಿ ಪಲ್ಲವಿ ಚೆನ್ನಾಗಿಯೇ ಬಂತು. ಅನುಪಲ್ಲವಿಯಲ್ಲಿ ತಾರ ಷಡ್ಜಕ್ಕೆ, ಅಂದರೆ ಮೇಲಿನ ಸ್ಥಾಯಿಯ ‘ಸ’ಕ್ಕೆ, ಏರುವಾಗ ದನಿ ಒಡೆಯಿತು, ಮುಂದಿನ ಸಾಲಿನ ಸಾಹಿತ್ಯ ಮರೆತುಹೋಯಿತು. ಆರು ತಿಂಗಳು ತಪ್ಪದೆ ಹಾಡಿ ಕರಗತ ಮಾಡಿಕೊಂಡಿದ್ದ ಕೀರ್ತನೆ ಅದು. ಅಂದು ಅವಳ ಕಣ್ಣೀರು ಒರೆಸುತ್ತ ಕುಳಿತಿದ್ದಾಗ, ಮಗುವಿಗೆ ನಾವು ಆರು ತಿಂಗಳು ಕಲಿಸಿದ್ದನ್ನು ನಾವೇ ಒಂದೂವರೆ ದಿನದಲ್ಲಿ ಕಿತ್ತುಕೊಂಡೆವಲ್ಲ ಎಂದು ನನಗೆ ಬಹಳ ನೋವಾಯಿತು.

ಈ ವರ್ಷ ಆದ್ದರಿಂದಲೇ ಕೆಲವು ಬದಲಾವಣೆಗಳನ್ನು ಮಾಡಿದ್ದೇವೆ. ಕೊನೆಯ ಪೂರ್ಣ ತಾಲೀಮು 18ರ ಗುರುವಾರ ಶಾಲಾ ಅವಧಿಯಲ್ಲೇ ಮುಗಿಯುತ್ತದೆ. ಶುಕ್ರವಾರ ತಾಲೀಮು ಇಲ್ಲ. ಶನಿವಾರ ಭಾಗವಹಿಸುವ ಮಕ್ಕಳಿಗೆ ತರಗತಿಯೂ ಇಲ್ಲ. ಮೊದಲ ಭಾಗದಲ್ಲಿ ಹಾಡುವವರು, ನುಡಿಸುವವರು ಸಂಜೆ 4.30ಕ್ಕೆ ಬಂದರೆ ಸಾಕು. ವೀಣಾವಾದನ ಮತ್ತು ಹಿರಿಯರ ಗಾಯನ ಎರಡನೆಯ ಭಾಗದಲ್ಲಿರುವುದರಿಂದ ಆ ಮಕ್ಕಳು 5.30ರವರೆಗೆ ಮನೆಯಲ್ಲೇ ಇರಲಿ. ನೆಲಮಹಡಿಯ ಎರಡು ಕೊಠಡಿಗಳಲ್ಲಿ ಜಮಖಾನ ಹಾಸಿ, ದೀಪ ಮಂದ ಮಾಡಿಟ್ಟಿರುತ್ತೇವೆ. ಬೇಕೆನಿಸಿದ ಮಗು ಅಲ್ಲಿ ಕಾಲು ಚಾಚಿ ಮಲಗಬಹುದು.

ನಿದ್ದೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿಯಿರಲಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಷ್ಟು ಸಿಗುತ್ತಿಲ್ಲವೆಂಬುದು ಬೆಳಗಿನ ಪ್ರಾರ್ಥನೆಯಲ್ಲಿ ಅವರ ಕಣ್ಣು ನೋಡಿದರೇ ಗೊತ್ತಾಗುತ್ತದೆ. ಸಂಜೆ ಟ್ಯೂಷನ್ ಮುಗಿಸಿ ಎಂಟಕ್ಕೆ ಮನೆ ಸೇರುತ್ತಾರೆ, ಊಟ ಮತ್ತು ಹೋಂವರ್ಕ್ ಮುಗಿಯುವಾಗ ಹತ್ತಾಗುತ್ತದೆ, ಆಮೇಲೆ ಮೊಬೈಲ್. ಹಗಲಲ್ಲಿ ಬೆರಳು ಕಲಿತ ಗತಿ, ಬಾಯಿ ಕಲಿತ ಸಾಹಿತ್ಯ ಮೆದುಳಿನಲ್ಲಿ ಗಟ್ಟಿಯಾಗಿ ನೆಲೆಗೊಳ್ಳುವ ಕೆಲಸದ ಒಂದು ಮುಖ್ಯ ಭಾಗ ನಿದ್ದೆಯಲ್ಲಿ ನಡೆಯುತ್ತದೆ. ವರ್ಣವೆಂಬ ರಚನೆಯ ಎರಡನೆಯ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ರಾತ್ರಿ ಎಡವುತ್ತಿದ್ದ ಮಗು ಬೆಳಿಗ್ಗೆ ಎದ್ದು ಅದನ್ನೇ ಸರಾಗವಾಗಿ ನುಡಿಸಿದ್ದನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಹಾಗಿರುವಾಗ ಹನ್ನೊಂದು ಗಂಟೆಯವರೆಗೆ ಕೂರಿಸಿ ಹಾಡಿನ ಸಾಲಿನ ಅದೇ ಸಂಗತಿಯನ್ನು ಇಪ್ಪತ್ತು ಸಲ ಹಾಡಿಸುವುದರಿಂದ ನಷ್ಟವೇ ಹೆಚ್ಚು.

ಒಂದೇ ರಾತ್ರಿ ಬೇಗ ಮಲಗಿಸಿದರೆ ಸಾಲದೆಂಬುದನ್ನೂ ಗಮನಿಸಬೇಕು. ಶುಕ್ರವಾರ ರಾತ್ರಿ ನಾಳಿನ ಆತಂಕದಿಂದ ಮಗುವಿಗೆ ನಿದ್ದೆ ಸರಿಯಾಗಿ ಬಾರದಿರಬಹುದು. ಅದಕ್ಕೆ ಮುಂಚಿನ ರಾತ್ರಿಗಳಲ್ಲಿ ಚೆನ್ನಾಗಿ ಮಲಗಿದ್ದರೆ ಆ ಒಂದು ರಾತ್ರಿಯ ಕೊರತೆಯನ್ನು ದೇಹ ತಾಳಿಕೊಳ್ಳುತ್ತದೆ. ಆದ್ದರಿಂದ 15ರ ಸೋಮವಾರದಿಂದಲೇ ರಾತ್ರಿ 9.30ರೊಳಗೆ ದೀಪ ಆರಲಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಮೊಬೈಲ್, ಟಿ.ವಿ. ಎರಡೂ ನಿಲ್ಲಲಿ. ಆ ವಾರ ಧನುರ್ಮಾಸ ಆರಂಭವಾಗುತ್ತದೆ, ಕೆಲವು ಮನೆಗಳಲ್ಲಿ ಮಕ್ಕಳೂ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುವ ಪದ್ಧತಿಯಿದೆ. ಆ ಪದ್ಧತಿಯ ಮೇಲೆ ನನಗೆ ಅಪಾರ ಗೌರವವಿದೆ, ನಾನೂ ಹೋಗುವವಳೇ. ಆದರೂ ಕಾರ್ಯಕ್ರಮದವರೆಗಿನ ಆ ದಿನಗಳಲ್ಲಿ ಮಕ್ಕಳನ್ನು ಮಲಗಲು ಬಿಟ್ಟು ತಾವು ಹೋಗಿ ಬನ್ನಿ, ಪ್ರಸಾದದ ಹುಗ್ಗಿಯನ್ನು ಅವರಿಗೆ ಮನೆಗೇ ತನ್ನಿ ಎಂದು ವಿನಂತಿಸುತ್ತೇನೆ.

ಹಾಡುವ ಮಕ್ಕಳ ಗಂಟಲಿನ ಬಗ್ಗೆ ಮನೆಮನೆಯಲ್ಲೂ ಒಂದೊಂದು ಉಪಾಯವಿದೆ. ಕಲ್ಲುಸಕ್ಕರೆ, ಜೇಷ್ಠಮಧು, ಬಿಸಿನೀರು ಯಾವುದಕ್ಕೂ ನನ್ನ ಆಕ್ಷೇಪವಿಲ್ಲ. ಆದರೆ ವೇದಿಕೆ ಹತ್ತುವ ಮುನ್ನ ಒಂದು ಲೋಟ ನೀರು ಕುಡಿಸಿದರೆ ದನಿ ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಕುಡಿದ ನೀರು ಅನ್ನನಾಳಕ್ಕೆ ಇಳಿಯುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ದೇಹ ಅದನ್ನು ಹೀರಿಕೊಂಡ ಮೇಲೆಯೇ ಅವುಗಳಿಗೆ ತೇವ ಸಿಗುವುದು. ಚಳಿಗಾಲದಲ್ಲಿ ಬಾಯಾರಿಕೆ ತೋರದೆ ಮಕ್ಕಳು ನೀರು ಕುಡಿಯುವುದನ್ನೇ ಮರೆಯುತ್ತಾರೆ, ಆದ್ದರಿಂದ ಹಿಂದಿನ ದಿನದಿಂದಲೇ ಆಗಾಗ ಸ್ವಲ್ಪ ಸ್ವಲ್ಪ ಕುಡಿಸಿ. ಮೈದಾನದಲ್ಲಿ ಕೂಗಾಟ ಬೇಡ. ಗಂಟಲು ಉಳಿಸಲೆಂದು ಪಿಸುದನಿಯಲ್ಲಿ ಮಾತನಾಡಿಸುವುದೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸವಾಗುತ್ತದೆ. ಮೆಲ್ಲಗೆ, ಸಹಜವಾಗಿ ಮಾತನಾಡಿದರೆ ಸಾಕು. ಶನಿವಾರ ಬೆಳಿಗ್ಗೆ ಹತ್ತು ನಿಮಿಷ ಶ್ರುತಿ ಹಾಕಿಕೊಂಡು ಕೆಳಗಿನ ಮಂದ್ರದಿಂದ ಮಧ್ಯ ಸ್ಥಾಯಿಯವರೆಗೆ ‘ಅ’ ಎಂದು ಸ್ವರ ಹಾಡುವ ಅಕಾರ ಸಾಧನೆ ಮಾಡಲಿ, ತಾರ ಸ್ಥಾಯಿಯನ್ನು ಸಂಜೆಗೆ ಮೀಸಲಿಡಲಿ.

ಹಿಂದಿನ ಸಾಲಿಗೂ ಕೇಳಿಸಬೇಕೆಂದು ಮಕ್ಕಳಿಗೆ ಗಟ್ಟಿಯಾಗಿ ಹಾಡಲು ಹೇಳುವ ಪೋಷಕರಿದ್ದಾರೆ. ನಮ್ಮ ಜಿಲ್ಲೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಢಿಗೆ ತಂದದ್ದು ಮೈಕ್ ಬಳಕೆ ಹರಡಿರದ ಕಾಲದಲ್ಲಿ ದೊಡ್ಡ ಸಭೆಗೆ ನಾದ ತುಂಬಿ ಕೇಳಲೆಂದು. ಅಂಥ ಮಹಾವಿದ್ವಾಂಸರೇ ನಾದ ಹೆಚ್ಚಲು ವಾದ್ಯಕ್ಕೆ ತಂತಿ ಸೇರಿಸಿದರು. ನಮ್ಮಲ್ಲಿ ಒಳ್ಳೆಯ ಮೈಕ್ ವ್ಯವಸ್ಥೆಯಿದೆ, ಮಗು ಮನೆಯಲ್ಲಿ ಹಾಡುವಷ್ಟೇ ದನಿಯಲ್ಲಿ ಹಾಡಿದರೆ ಸಾಕು.

ಶನಿವಾರ ಮಧ್ಯಾಹ್ನದ ಊಟ ಒಂದು ಗಂಟೆಯೊಳಗೆ ಮುಗಿಯಲಿ. ಅನ್ನ, ಸಾರು, ಪಲ್ಯದಂಥ ದಿನನಿತ್ಯದ ಊಟವೇ ಇರಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಲಿ, ಅದಕ್ಕಿಂತ ಹೆಚ್ಚಾದರೆ ಎದ್ದಾಗ ಜಡವಾಗಿರುತ್ತದೆ. ವೇದಿಕೆಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಕೊಡಿ. ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ, ಬಜ್ಜಿ ಬೋಂಡ ತಿನ್ನಿಸಬೇಡಿ. ಕೊಳಲಿನ ಮಕ್ಕಳು ತಿಂದ ಮೇಲೆ ಚೆನ್ನಾಗಿ ಬಾಯಿ ಮುಕ್ಕಳಿಸಬೇಕು. ಚುರುಕಾಗಿರಲೆಂದು ಕಾಫಿ ಕುಡಿಸುವ ಅಭ್ಯಾಸ ನಮ್ಮ ಊರಿನಲ್ಲಿ ಬಹಳವಿದೆ. ಆ ಕಾಫಿ ಬೆರಳಿನ ನಡುಕವನ್ನು ಹೆಚ್ಚಿಸುತ್ತದೆ, ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಎನರ್ಜಿ ಡ್ರಿಂಕ್‌ಗಳಂತೂ ಮಕ್ಕಳಿಗೆ ಸಲ್ಲವೇ ಸಲ್ಲ.

ಬೆಳಿಗ್ಗೆಯೇ ಅಲಂಕಾರ ಮಾಡಿಸಿ ದಿನವಿಡೀ ಹಾಗೆಯೇ ಕೂರಿಸುವುದನ್ನು ದಯವಿಟ್ಟು ಬಿಡಿ. ಬಿಗಿದ ಜಡೆಯಿಂದ ತಲೆನೋವು ಬರುತ್ತದೆ, ಸೊಂಟಕ್ಕೆ ಬಿಗಿದ ಲಂಗದಿಂದ ಉಸಿರು ಕೆಳಗಿಳಿಯುವುದಿಲ್ಲ. ಅಂದು ಮನೆಗೆ ನೆಂಟರು ಬಂದರೆ ಅವರ ಮುಂದೆ ಇನ್ನೊಮ್ಮೆ ಹಾಡಿಸಬೇಡಿ. ವೀಣೆಯ ಮಕ್ಕಳು ಶಾಲು ಅಥವಾ ಸ್ವೆಟರ್ ತರಲಿ. ಸಂಜೆಯ ಚಳಿಗೆ ಬೆರಳು ತಣ್ಣಗಾದರೆ ವೀಣೆಯ ದಂಡಿಯ ಮೆಟ್ಟಿಲುಗಳ ಮೇಲೆ ಸ್ವರವನ್ನು ತೂಗುವ ಗಮಕ ಹಿಡಿಯುವುದಿಲ್ಲ. ಬೆರಳು ಅದ್ದಿ ಒರೆಸಿಕೊಳ್ಳಲು ಬೆಚ್ಚಗಿನ ನೀರನ್ನು ನಾವೇ ಇಟ್ಟಿರುತ್ತೇವೆ.

ವೇದಿಕೆ ಹತ್ತುವ ಮುನ್ನ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಸಹಜ. ಅಡ್ರಿನಲಿನ್ ಎಂಬ ರಸದ ಕೆಲಸ ಅದು, ಎಷ್ಟೋ ಕಚೇರಿ ಮಾಡಿದವರಿಗೂ ಆಗುತ್ತದೆ. "ಹೆದರಬೇಡ" ಎಂದು ಪದೇ ಪದೇ ಹೇಳಿದರೆ ಮಗು ಇನ್ನಷ್ಟು ಹೆದರುತ್ತದೆ. ಪಕ್ಕದಲ್ಲಿ ಕುಳಿತು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಲು ಹೇಳಿ, ತಾವೂ ಅದರ ಜೊತೆ ಹಾಗೆಯೇ ಮಾಡಿ. ಐದಾರು ಸಲಕ್ಕೆ ಕೈಯ ನಡುಕ ತಗ್ಗುವುದನ್ನು ತಾವೇ ಕಾಣುವಿರಿ. ಸಾಹಿತ್ಯ ನೆನಪಿದೆಯೇ ಎಂದು ಆ ಗಳಿಗೆಯಲ್ಲಿ ಪರೀಕ್ಷಿಸಬೇಡಿ.

ಕಾರ್ಯಕ್ರಮ ಮುಗಿದ ರಾತ್ರಿ ಉತ್ಸಾಹದಿಂದ ಮಕ್ಕಳಿಗೆ ಬೇಗ ನಿದ್ದೆ ಹತ್ತುವುದಿಲ್ಲ. ಭಾನುವಾರ ಎದ್ದಾಗ ಏಳಲಿ. 22ರ ಸೋಮವಾರ ಈ 46 ಮಕ್ಕಳಿಗೆ ಯಾವ ಕಿರುಪರೀಕ್ಷೆಯೂ ಇರುವುದಿಲ್ಲವೆಂದು ಎಲ್ಲ ಶಿಕ್ಷಕರಿಗೂ ತಿಳಿಸಿದ್ದೇನೆ.

ಕಾರ್ಯಕ್ರಮಕ್ಕೆ ಮುನ್ನ ಯಾವ ಮಗುವಿಗಾದರೂ ಜ್ವರ, ಕೆಮ್ಮು ಬಂದರೆ ಅಥವಾ ದನಿ ಕಟ್ಟಿದರೆ ಮುಚ್ಚಿಡದೆ 19ರ ಶುಕ್ರವಾರ ಮಧ್ಯಾಹ್ನದೊಳಗೆ ಶಾಲಾ ಕಚೇರಿಗೆ ತಿಳಿಸಿ. ಒಡೆದ ದನಿಯಲ್ಲಿ ಹಾಡಿಸುವುದಿಲ್ಲ. ಆ ಮಗುವಿಗೆ ವೇದಿಕೆಯ ಮೇಲೆ ತಂಬೂರಿ ಹಿಡಿದು ಕೂರುವ ಸ್ಥಾನವಿದೆ, ಅದರ ಹಾಡನ್ನು ಜನವರಿ ಕೊನೆಯ ಶನಿವಾರ ಬೆಳಗಿನ ಸಭೆಯಲ್ಲಿ ಎಲ್ಲರೂ ಕುಳಿತು ಕೇಳುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ