ಗುಲಾಬಿ ಸೀರೆಯ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಬರೆಯಲ್ಲ. ಬರೆದರೆ ನೀವೇ ಬಯ್ಯುತ್ತೀರಿ.

ನಾನು ಬಸುರಿಯಾಗಿದ್ದಾಗ, ಆರನೇ ತಿಂಗಳಲ್ಲಿ, ಆಶಾ ಕಾರ್ಯಕರ್ತೆಯಾಗಿ ತಾಯಿ ಕಾರ್ಡ್ ನೋಡಲು ಮನೆಗೆ ಬಂದಿದ್ದಿರಿ. ತೋಳಿನ ಮೇಲಿನ ಕಲೆ ಕಂಡಿತು. "ಬಚ್ಚಲಲ್ಲಿ ಜಾರಿದೆ" ಎಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ನೀವು ಏನೂ ಕೇಳಲಿಲ್ಲ. "ನಾಳೆ ಬಿಪಿ ನೋಡಿಸಬೇಕು, ನನ್ನ ಜೊತೆ ಬಾ" ಅಂದಿರಿ, ಅಷ್ಟೇ.

ಮರುದಿನ ಸಿಸ್ಟರ್ ಬಿಪಿ ನೋಡಿದ್ದೂ ನಿಜ, ಸುಳ್ಳಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದಿರಿ: "ಜಾರಿದ್ದು ಎಷ್ಟನೇ ಸಲ?" ಅಳು ತಡೆಯಲಾಗಲಿಲ್ಲ. "ಹೊಂದಿಕೊಂಡು ಹೋಗು" ಅಂತ ಹೇಳದೆ ಇದ್ದವರು ನೀವೊಬ್ಬರೇ. ಗಾಯವನ್ನು ಡಾಕ್ಟರ ಹತ್ತಿರ ಬರೆಸಿದಿರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಪ್ರಕಾರ ಆ ಮನೆಯಲ್ಲಿ ಇರುವ ಹಕ್ಕು ನನಗೂ ಇದೆ ಅಂತ ಗೊತ್ತಾಗಿದ್ದು ಅವತ್ತೇ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿ, ಸಿಡಿಪಿಒ ಮೇಡಂ ಹತ್ತಿರ ದೂರು ಕೊಡಬಹುದು ಅನ್ನೋದೂ. ಮಹಿಳಾ ಸಹಾಯವಾಣಿಯ 181 ನಂಬರನ್ನು ನನ್ನ ಮೊಬೈಲಿನಲ್ಲಿ "ಹಾಲಿನ ಅಂಗಡಿ" ಅಂತ ಸೇವ್ ಮಾಡಿದಿರಲ್ವಾ, ಆ ತಲೆ ಯಾರಿಗೆ ಬರುತ್ತೆ!

ನಿಮಗೆ ಸಿಗುವುದು ಗೌರವಧನ, ಅದೂ ತಡವಾಗಿ. ಈ ಕೆಲಸಕ್ಕಂತೂ ಯಾವ ಲೆಕ್ಕದಲ್ಲೂ ದುಡ್ಡಿಲ್ಲ.

ತುಂಬಾ ಥ್ಯಾಂಕ್ಸ್ ಅಕ್ಕಾ. ಮಗಳಿಗೆ ಈಗ ಎರಡು ವರ್ಷ. ಗುಲಾಬಿ ಸೀರೆ ಕಂಡರೆ ಓಡಿ ಬರುತ್ತಾಳೆ. ಸೂಜಿ ನೆನಪಾದರೆ ಮಾತ್ರ ವಾಪಸ್.