ಒಂದು ನಿಮಿಷ ನೋಡ್ತೀನಿ ಅಂದವನ ಪತ್ರ

ಪ್ರೀತಿಯ ಗೆಳೆಯಾ,

ಹೂಮಳೆ ಬಿದ್ದು ಎಂಟು ದಿನವಾಯ್ತು. ನಿನ್ನೆಯಿಂದ ತೋಟವೆಲ್ಲ ಬೆಳ್ಳಗಾಗಿದೆ. ಕಿಟಕಿ ಹಾಕಿದರೂ ಕಾಫಿ ಹೂವಿನ ವಾಸನೆ ಮನೆಯೊಳಗೆ ಬರುತ್ತಿದೆ. ಪ್ರತಿ ವರ್ಷ ಈ ಹೊತ್ತಿಗೆ ನೀನು ಬರುತ್ತಿದ್ದೆ. ಈ ಸಲ ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತು.

ಫೋನ್ ಮಾಡಬಹುದಿತ್ತು. ಮೂರು ಸಲ ನಂಬರ್ ತೆಗೆದು ಸುಮ್ಮನಾದೆ. ಮಾತಾಡಲು ಹೋದರೆ ಮತ್ತೆ ತಡವರಿಸುತ್ತೇನೆ ಅನ್ನಿಸಿತು. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಅವತ್ತು ಮಡಿಕೇರಿಯಲ್ಲಿ, ನಿನ್ನ ಹೊಸ ಚಿತ್ರಗಳ ಪ್ರದರ್ಶನದಲ್ಲಿ, ನಾನು ಬಾಯಿ ಬಿಡದೆ ನಿಂತದ್ದು ಎಲ್ಲರೆದುರೇ ಅಲ್ವಾ?

ನಿನ್ನ ಆ ಚಪ್ಪಲಿ ಚಿತ್ರದ ಮುಂದೆ ನಿಂತಿದ್ದೆ. ನೀನು ಪಕ್ಕಕ್ಕೆ ಬಂದು "ಏನನ್ನಿಸ್ತು ಮಾರಾಯಾ?" ಅಂದೆ. "ಇರು, ಇನ್ನೂ ಸ್ವಲ್ಪ ನೋಡ್ತೀನಿ" ಅಂದೆ ನಾನು. ನಿನ್ನ ಮುಖ ಸಣ್ಣಗಾದದ್ದನ್ನು ನೋಡಿದೆ. ನೋಡಿಯೂ ಬೇರೆ ಏನೂ ಹೇಳಲಿಲ್ಲ. ಆಮೇಲೆ ಯಾರೋ "ಮೊದಲಿನವೇ ಚೆನ್ನಾಗಿದ್ದವು ಸಾರ್, ಆ ಮಂಜಿನ ಚಿತ್ರಗಳು" ಅಂದರು. ಇನ್ನೊಬ್ಬರು "ಇದೇನಿದು, ಮಕ್ಕಳು ಬರೆದ ಹಾಗಿದೆ" ಅಂದರು. ಅವರು ಬಾಯಿಬಿಟ್ಟು ಹೇಳಿದರು. ನಾನು ಇಪ್ಪತ್ತು ವರ್ಷದಿಂದ ಡ್ರಾಯಿಂಗ್ ಮೇಷ್ಟ್ರು, ನಿನ್ನ ಗೆಳೆಯ. ನಾನು ಟೀ ಲೋಟ ಹಿಡಿದುಕೊಂಡು ಬಾಗಿಲ ಕಡೆ ಹೋದೆ.

ಮನೆಗೆ ಬಂದ ಮೇಲೆ ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ನೆನಪಾದ. ಕಾಲೇಜಿನಲ್ಲಿದ್ದಾಗ ಅವನ ಗುಲಾಬಿ ಬಣ್ಣದ ಚಿತ್ರಗಳ ಪುಸ್ತಕ ನಿನಗೆ ತೋರಿಸಿದವನೇ ನಾನು. ಅವನ ಕತೆ ನನಗೆ ಬಾಯಿಪಾಠ. ಆದರೂ ಅದರೊಳಗೆ ನನಗೂ ಒಂದು ಪಾತ್ರ ಇದೆ ಅಂತ ಹೊಳೆದದ್ದು ಆ ರಾತ್ರಿಯೇ.

ಗಸ್ಟನ್ 1950ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅಮೂರ್ತ ಚಿತ್ರ ಬರೆಯತೊಡಗಿದ. ಆಕಾರವಿಲ್ಲ, ವಸ್ತುವಿಲ್ಲ. ಕ್ಯಾನ್ವಾಸಿನ ನಡುವೆ ಗುಲಾಬಿ, ಕೆಂಪು, ಬೂದು ಬಣ್ಣದ ಸಣ್ಣ ಸಣ್ಣ ಗೀಟುಗಳು, ಉಸಿರಾಡುವ ಹಾಗೆ. ವಿಮರ್ಶಕರು ಒಲಿದರು. 1962ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಅವನ ದೊಡ್ಡ ಪ್ರದರ್ಶನ ಮಾಡಿತು. ಆಗ ಅವನಿಗೆ ಐವತ್ತೂ ತುಂಬಿರಲಿಲ್ಲ. ಅಲ್ಲೇ ಇದ್ದಿದ್ದರೆ ಜೀವನಪೂರ್ತಿ ಹೊಗಳಿಕೆಗೆ ಬರ ಇರುತ್ತಿರಲಿಲ್ಲ.

ಅವನು ಅಲ್ಲಿರಲಿಲ್ಲ. ವಿಯೆಟ್ನಾಂ ಯುದ್ಧದ ಕಾಲ. ಹೊರಗೆ ಜನ ಸಾಯುತ್ತಿದ್ದಾರೆ, ಪತ್ರಿಕೆ ಓದಿ ಸಿಟ್ಟಿನಲ್ಲಿ ಕುದಿಯುತ್ತೇನೆ, ಆಮೇಲೆ ಒಳಗೆ ಹೋಗಿ ಒಂದು ಕೆಂಪನ್ನು ಒಂದು ನೀಲಿಗೆ ಹೊಂದಿಸುತ್ತಾ ಕೂರುತ್ತೇನೆ, ನಾನೆಂಥ ಮನುಷ್ಯ ಅಂತ ತನ್ನನ್ನೇ ಕೇಳಿಕೊಂಡ. ನ್ಯೂಯಾರ್ಕ್ ಬಿಟ್ಟು ವುಡ್‌ಸ್ಟಾಕ್ ಅನ್ನುವ ಸಣ್ಣ ಊರು ಸೇರಿದ. ಅಲ್ಲಿ ಕೈಗೆ ಸಿಕ್ಕ ಸಾಮಾನು ಬರೆಯತೊಡಗಿದ. ಪುಸ್ತಕ, ಗಡಿಯಾರ, ತೂಗುವ ಬಲ್ಬು, ಅಂಗಾಲು ಮೇಲೆ ಮಾಡಿಕೊಂಡು ಬಿದ್ದ ಶೂಗಳು. ಆ ಶೂಗಳ ಅಟ್ಟೆಯಲ್ಲಿ ಮೊಳೆಗಳು ಒಂದೊಂದಾಗಿ ಕಾಣುತ್ತವೆ. ಆಮೇಲೆ ಬಿಳಿ ಮುಸುಕು ಹಾಕಿಕೊಂಡ ಕು ಕ್ಲಕ್ಸ್ ಕ್ಲಾನ್‌ನವರು, ಕರಿಯರ ಮೇಲೆ ದ್ವೇಷ ಕಾರುವ ಅಮೆರಿಕದ ಗುಂಪಿನವರು. ಕಾರಿನಲ್ಲಿ ಸುತ್ತುತ್ತಾರೆ, ಸಿಗಾರ್ ಸೇದುತ್ತಾರೆ. ಒಂದರಲ್ಲಂತೂ ಮುಸುಕಿನವನೇ ಚಿತ್ರಕಾರ, ಕೂತು ತನ್ನ ಚಿತ್ರವನ್ನು ತಾನೇ ಬರೆಯುತ್ತಿದ್ದಾನೆ. ಎಲ್ಲವೂ ಕಾಮಿಕ್ಸ್ ಪುಸ್ತಕದ ಹಾಗೆ ದಪ್ಪ ಗೆರೆಯಲ್ಲಿ, ಒಡ್ಡೊಡ್ಡಾಗಿ.

1970ರ ಅಕ್ಟೋಬರಿನಲ್ಲಿ ಇವೆಲ್ಲ ಮಾರ್ಲ್‌ಬರೋ ಗ್ಯಾಲರಿಯ ಗೋಡೆ ಏರಿದವು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಿಲ್ಟನ್ ಕ್ರೇಮರ್ ಬರೆದ ವಿಮರ್ಶೆಯ ತಲೆಬರಹವೇ ಸಾಕು. ದೊಡ್ಡ ಪಂಡಿತನೊಬ್ಬ ಪೆದ್ದನ ವೇಷ ಹಾಕಿದ್ದಾನೆ ಅಂತ ಅದರ ಅರ್ಥ. ಟೈಮ್ ಪತ್ರಿಕೆಯಲ್ಲಿ ರಾಬರ್ಟ್ ಹ್ಯೂಸ್ ಕೂಡ ಬಿಡಲಿಲ್ಲ. ಅಮೂರ್ತ ಕಲೆಯೇ ಕೊನೆಯ ಮಾತು ಅಂದುಕೊಂಡಿದ್ದವರಿಗೆ ಇದು ದ್ರೋಹದ ಹಾಗೆ ಕಂಡಿತು. ಹೆರಾಲ್ಡ್ ರೋಸೆನ್‌ಬರ್ಗ್ ಥರದ ಕೆಲವರು ಮಾತ್ರ ಪರವಾಗಿ ಬರೆದರು. ಚಿತ್ರಕಾರ ಡಿ ಕೂನಿಂಗ್ ಇದು ಸ್ವಾತಂತ್ರ್ಯದ ವಿಷಯ ಅಂದನಂತೆ. ಗಸ್ಟನ್ ಪ್ರದರ್ಶನ ಮುಗಿಸಿ ರೋಮಿಗೆ ಹೊರಟುಹೋದ.

ಕ್ರೇಮರ್ ಬರೆದದ್ದು ಗಸ್ಟನ್‌ಗೆ ನೋವು ಕೊಟ್ಟಿರಬೇಕು, ಅದು ಬೇರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾರ್ಟನ್ ಫೆಲ್ಡ್‌ಮನ್ ಕತೆ. ಅವನು ಸಂಗೀತಗಾರ. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ. ಆ ಮೌನದಂಥ ಅಮೂರ್ತ ಚಿತ್ರಗಳು ಅಂದರೆ ಫೆಲ್ಡ್‌ಮನ್‌ಗೆ ಜೀವ. ಹೊಸ ಚಿತ್ರದ ಮುಂದೆ ನಿಂತಾಗ ಗಸ್ಟನ್ ಕೇಳಿದ, ಏನನ್ನಿಸುತ್ತೆ ಅಂತ. ಇನ್ನೊಂದು ನಿಮಿಷ ನೋಡ್ತೀನಿ ಅಂದ ಫೆಲ್ಡ್‌ಮನ್. ಅಷ್ಟಕ್ಕೇ ಸ್ನೇಹ ಮುರಿಯಿತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

ಇದನ್ನು ಓದಿದಾಗೆಲ್ಲ ಒಂದು ನಿಮಿಷಕ್ಕೆ ಇಷ್ಟು ಸಿಟ್ಟೇ ಅಂದುಕೊಳ್ಳುತ್ತಿದ್ದೆ. ಈಗ ಗೊತ್ತಾಗುತ್ತದೆ. ಬೈದಿದ್ದರೆ ಜಗಳವಾಡಬಹುದಿತ್ತು. ಆ ಒಂದು ನಿಮಿಷದಲ್ಲಿ ಅವನು ನೋಡುತ್ತಿದ್ದದ್ದು ಎದುರಿಗಿದ್ದ ಚಿತ್ರವನ್ನಲ್ಲ, ಅಲ್ಲಿ ಇಲ್ಲದ ಹಳೆಯ ಚಿತ್ರವನ್ನು. ನಾನೂ ಅದನ್ನೇ ಮಾಡಿದೆ ಮಾರಾಯಾ. ನಿನ್ನ ಚಪ್ಪಲಿಯ ಮುಂದೆ ನಿಂತು ನಿನ್ನ ಮಂಜನ್ನು ಹುಡುಕಿದೆ.

1978ರಲ್ಲಿ ಗಸ್ಟನ್ ಫೆಲ್ಡ್‌ಮನ್‌ನ ಚಿತ್ರ ಬರೆದ. ಗೆಳೆಯ ಅಂತಲೇ ಹೆಸರು. ಬಾಯಲ್ಲಿ ಸಿಗರೇಟು, ದೊಡ್ಡದೊಂದು ಕಿವಿ, ಮುಖ ಆ ಕಡೆ ತಿರುಗಿದೆ. ಎರಡು ವರ್ಷದ ನಂತರ, 1980ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ ಶುರುವಾಗಿ ಕೆಲವೇ ವಾರಕ್ಕೆ ಗಸ್ಟನ್ ತೀರಿಕೊಂಡ. ಯಾವ ಚಿತ್ರಗಳನ್ನು ಪೆದ್ದನ ವೇಷ ಅಂದಿದ್ದರೋ ಅವುಗಳಿಂದಲೇ ಆಮೇಲಿನ ಚಿತ್ರಕಾರರು ಕಲಿತರು. ಫೆಲ್ಡ್‌ಮನ್ 1984ರಲ್ಲಿ ಗೆಳೆಯನ ಹೆಸರಿನಲ್ಲಿ ಒಂದು ಸಂಗೀತ ರಚಿಸಿದ. ನುಡಿಸಲು ನಾಲ್ಕು ಗಂಟೆಗೂ ಜಾಸ್ತಿ ಬೇಕು. ಒಂದು ರಾತ್ರಿ ಅದನ್ನು ಪೂರ್ತಿ ಕೇಳಿದೆ. ಮೆಲ್ಲಗೆ, ಹೇಳಿದ್ದನ್ನೇ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗುತ್ತದೆ. ಕೇಳಬೇಕಾದವನು ಹೋಗಿ ನಾಲ್ಕು ವರ್ಷವಾಗಿತ್ತು.

ನಾನು ಅಷ್ಟು ಕಾಯುವುದಿಲ್ಲ.

ಆ ಚಿತ್ರದ ಬಗ್ಗೆ ಈಗ ಹೇಳುತ್ತೇನೆ. ಒಂಟಿ ಹವಾಯಿ ಚಪ್ಪಲಿ, ಎಡಗಾಲಿನದು. ಕ್ಯಾನ್ವಾಸ್ ತುಂಬ ಅದೇ. ಹಿಮ್ಮಡಿಯ ಕಡೆ ಸವೆದು ತೆಳ್ಳಗಾಗಿದೆ. ನೀಲಿ ಬಾರು ಕಿತ್ತುಬಂದು, ಕೆಳಗಿನಿಂದ ಸೇಫ್ಟಿ ಪಿನ್ ಚುಚ್ಚಿದೆ. ಆ ಪಿನ್ನನ್ನು ಎಷ್ಟು ಒರಟಾಗಿ ಬರೆದಿದ್ದೀಯ ಅಂದರೆ ಬಣ್ಣ ದಪ್ಪಗೆ ಎದ್ದು ನಿಂತಿದೆ. ಸುತ್ತ ಮಣ್ಣು. ಗುಡ್ಡದ ಬರೆ ಜರಿದಾಗ ಒಳಗಿನಿಂದ ಬರುತ್ತದಲ್ಲ, ಆ ಹಸಿ ಕೆಂಪು.

2018ರ ಆಗಸ್ಟ್, ನಮ್ಮ ಕೊಡಗಿನಲ್ಲಿ ಗುಡ್ಡಗಳು ಕುಸಿದ ಮಳೆಗಾಲ. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ಗಂಜಿ ಕೇಂದ್ರದಲ್ಲಿ ಕರೆಂಟ್ ಇರಲಿಲ್ಲ. ಎಲ್ಲೆಲ್ಲಿಂದಲೋ ಬಂದ ಹಳೆ ಚಪ್ಪಲಿಗಳನ್ನು ಮೂಲೆಯಲ್ಲಿ ರಾಶಿ ಹಾಕಿದ್ದರು. ಟಾರ್ಚ್ ಹಿಡಿದು ನಾವಿಬ್ಬರೂ ಮಧ್ಯರಾತ್ರಿವರೆಗೆ ಜೋಡಿ ಹುಡುಕಿದೆವು. ಕೊನೆಗೆ ಜೋಡಿ ಇಲ್ಲದವು ಒಂದಿಷ್ಟು ಉಳಿದವು. ಅವನ್ನು ಎಸೆಯಲು ಹೋದಾಗ ನೀನು ಬೇಡ ಅಂದೆ, ಒಂದು ಚೀಲಕ್ಕೆ ತುಂಬಿದೆ. ನಾನು ಇದನ್ನು ಪೂರ್ತಿ ಮರೆತಿದ್ದೆ. ನಿನ್ನ ಪಕ್ಕದಲ್ಲೇ ಕೂತು ಟಾರ್ಚ್ ಹಿಡಿದವನು ನಾನು. ಅದೇ ಚಪ್ಪಲಿಯನ್ನು ನೀನು ಗೋಡೆಗೆ ಹಾಕಿದಾಗ ನನಗೆ ಗುರುತೇ ಸಿಗಲಿಲ್ಲ.

ಇನ್ನೊಂದು ವಿಷಯ. ನೀನು ಒಮ್ಮೆಲೇ ಬದಲಾದೆ ಅಂತ ಎಲ್ಲರೂ ಅನ್ನುತ್ತಾರೆ. ಗಸ್ಟನ್‌ಗೂ ಹಾಗೇ ಅಂದಿದ್ದರು. ಅವನು 1930ರ ದಶಕದಲ್ಲೇ, ಇನ್ನೂ ಹುಡುಗನಾಗಿದ್ದಾಗಲೇ, ಮುಸುಕಿನವರನ್ನು ಬರೆದಿದ್ದ. 1960ರ ನಂತರದ ಅಮೂರ್ತ ಚಿತ್ರಗಳಲ್ಲಿ ಬೂದುಬಣ್ಣದ ನಡುವೆ ಕಪ್ಪು ಮುದ್ದೆಗಳು ತಲೆಗಳ ಹಾಗೆ ಎದ್ದು ಬರುತ್ತಿದ್ದವು. ಇದೆಲ್ಲ ಕಣ್ಣೆದುರೇ ಇತ್ತು. ನಮ್ಮ ಮನೆ ಹಾಲಿನಲ್ಲಿ ನೀನು ಕೊಟ್ಟ ಮಂಜಿನ ಚಿತ್ರ ಇದೆಯಲ್ಲ, ಅದರ ಕೆಳಗೆ ಎಡಗಡೆ ಒಂದು ಕಪ್ಪು ತುಂಡಿದೆ. ಅದನ್ನು ನಾನು ಮಕ್ಕಳಿಗೆ 'ಬ್ಯಾಲೆನ್ಸ್‌ಗೆ ಇಟ್ಟದ್ದು' ಅಂತ ಪಾಠ ಮಾಡಿದ್ದೇನೆ! ಮೊನ್ನೆ ಕುರ್ಚಿ ಹತ್ತಿ ಹತ್ತಿರದಿಂದ ನೋಡಿದೆ. ಅದೊಂದು ಮೆಟ್ಟಿಲು. ಯಾವುದೋ ಮನೆಯ ಮೆಟ್ಟಿಲು. ಮಂಜಿನ ಕೆಳಗೆ ಆಗಲೇ ಮನೆ ಇತ್ತು.

ಇಷ್ಟೆಲ್ಲ ಬರೆದೆ ಅಂತ ನಿನ್ನ ಎಲ್ಲ ಹೊಸ ಚಿತ್ರಗಳೂ ನನಗೆ ಒಪ್ಪಿಗೆ ಅಂತಲ್ಲ. ಏಣಿಯದು ಚೆನ್ನಾಗಿದೆ. ಸ್ಟೀಲ್ ಕೊಡದ್ದು ಅದಕ್ಕಿಂತ ಚೆನ್ನ. ಆದರೆ ಗ್ಯಾಸ್ ಸಿಲಿಂಡರ್ ಚಿತ್ರದಲ್ಲಿ ನೀನು ಹೆದರಿದ್ದೀಯ. ಹಿಂದೆ ಆ ಹಳೆಯ ಬೂದು ಮಂಜನ್ನು ನಯವಾಗಿ ಎಳೆದು ನೋಡುವವರನ್ನು ಸಮಾಧಾನ ಮಾಡಿದ್ದೀಯ. ಅದು ಬೇಡವಾಗಿತ್ತು. ಅವತ್ತೇ ಇದನ್ನು ಹೇಳಬೇಕಿತ್ತು ನಾನು.

"ಮತ್ತೆ ಮಂಜು ಬರಿ ಅಂತಾರೆ, ಬರೆದರೆ ಬರೆದದ್ದನ್ನೇ ಬರೀತಾನೆ ಅಂತಾರೆ" ಅಂತ ನೀನು ಯಾರ ಹತ್ತಿರವೋ ಹೇಳಿದೆಯಂತೆ. ಹೌದು, ಎರಡೂ ಇದೆ. ನಮ್ಮ ದೇಶದ ಚಿತ್ರಕಾರ ಎಸ್. ಎಚ್. ರಝಾ ಅವರನ್ನು ನೋಡು. ಪ್ಯಾರಿಸ್ಸಿನಲ್ಲಿ 1956ರಲ್ಲಿ ಅಲ್ಲಿನ ವಿಮರ್ಶಕರೇ ಬಹುಮಾನ ಕೊಟ್ಟರು. ನಂತರ ದಾರಿ ಬದಲಿಸುತ್ತಾ, 1980ರ ಹೊತ್ತಿಗೆ ಬಿಂದುವಿಗೆ, ಅಂದರೆ ದೊಡ್ಡದೊಂದು ದುಂಡನೆಯ ಚುಕ್ಕೆಗೆ ಬಂದರು. ಆಮೇಲೆ ಅದನ್ನೇ ಬರೆಯುತ್ತಾರೆ ಅನ್ನುವ ದೂರು ಕೊನೆವರೆಗೂ ಬಿಡಲಿಲ್ಲ. ಚಿಕ್ಕಂದಿನಲ್ಲಿ ಮಧ್ಯಪ್ರದೇಶದ ಮಂಡ್ಲಾ ಕಾಡಿನ ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು ನೋಡು ಅಂದಿದ್ದರಂತೆ. ಮೇಷ್ಟ್ರ ಕೆಲಸ ಮಾಡುವವನಾಗಿ ಆ ಕತೆ ನನಗೆ ತುಂಬ ಇಷ್ಟ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಚಪ್ಪಲಿಯದು ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡ. ಒಳಗೆ ಇಟ್ಟಿದ್ದರೆ ಹೊರಗೆ ಜಗಲಿಗೆ ತಂದಿಡು, ಬೆಳಕಿನಲ್ಲಿ ನೋಡಬೇಕು. ಆ ಚೀಲ ಇನ್ನೂ ಇದ್ದರೆ ಅದನ್ನೂ ತೆಗೆದಿಡು.

ನಿನ್ನ,
ಡ್ರಾಯಿಂಗ್ ಮೇಷ್ಟ್ರು