ಜ್ವರ ಬಿಟ್ಟ ದಿನವೇ ಪಂದ್ಯಕ್ಕೆ ಹೊರಡಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಡೆಂಗಿ ಹೆಚ್ಚುವ ಮಳೆಗಾಲದಲ್ಲೇ ಈ ಬಾರಿ ವಿಶ್ವಕಪ್ ಫುಟ್‌ಬಾಲ್. ಜುಲೈ 19ರ ಫೈನಲ್ ನಡೆಯುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಮ್ಮಲ್ಲಿ ಆಗ ಭಾನುವಾರ ಮಧ್ಯರಾತ್ರಿ ಕಳೆದು 12.30. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಜ್ವರ ಬಂದು ಮಲಗಿದ ಹುಡುಗರಿಗೆ ಅಷ್ಟರೊಳಗೆ ಏಳಬೇಕೆಂಬ ಆಸೆ ಇರುವುದು ಸಹಜ. ಅವರ ಮನೆಯವರು ಕೆಲವು ಸಂಗತಿ ತಿಳಿದಿರಬೇಕು.

ಮೈಬಿಸಿ ಇಳಿದ ಕೂಡಲೇ ಗುಣವಾಯಿತೆಂದು ಎದ್ದು ಓಡಾಡುವುದೇ ಡೆಂಗಿಯಲ್ಲಿ ದೊಡ್ಡ ಅಪಾಯ. ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಜ್ವರ ಬಿಡುತ್ತದೆ. ಕೆಲವರಲ್ಲಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದು ಅದೇ ಹೊತ್ತಿಗೆ, ಮುಂದಿನ 24ರಿಂದ 48 ಗಂಟೆಗಳಲ್ಲಿ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡು ಮೂಗಿನಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ಕೈಕಾಲು ತಣ್ಣಗಾಗಿ ಬೆವರಿದರೆ, ಆರು ಗಂಟೆಯಾದರೂ ಮೂತ್ರ ಆಗದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಒಳತೋಟಗಳ ದಾರಿಗೆ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ, 108ಕ್ಕೆ ಆಗಲೇ ಕರೆ ಮಾಡಿ.

ರಿಪೋರ್ಟ್ ಬಂದರೆ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಪಕ್ಕದ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಹೇಳುವ ಸಾಲನ್ನೂ ನೋಡಿ. ಪ್ಲೇಟ್‌ಲೆಟ್ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ಸೋರಿಕೆ ಶುರುವಾಗಿದೆ ಎಂದೇ ವೈದ್ಯರು ಎಣಿಸುತ್ತಾರೆ.

ಪಂದ್ಯದ ಹೊತ್ತಿಗೆ ಏಳಬೇಕೆಂದು ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸೊಂಟಕ್ಕೆ ಸೂಜಿ ಚುಚ್ಚಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ದೊಡ್ಡವರಿಗೆ 500 ಮಿ.ಗ್ರಾಂ ಮಾತ್ರೆ, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಚಮಚ ಚಮಚ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ. ಕಲಸಿದ್ದನ್ನು 24 ಗಂಟೆ ಮೀರಿ ಇಡಬಾರದು.

ಮಾತ್ರೆಯ ನೆರವಿಲ್ಲದೆ 48 ಗಂಟೆ ಜ್ವರ ಇಲ್ಲ, ಊಟ ಸೇರುತ್ತಿದೆ, ಮೂತ್ರ ಸರಿಯಾಗಿದೆ, ಪ್ಲೇಟ್‌ಲೆಟ್ ಏರುತ್ತಿದೆ ಎಂದಾದರೆ ಫೈನಲ್ ನೋಡಲು ಅಡ್ಡಿಯಿಲ್ಲ. ಆದರೆ ಮನೆಯಲ್ಲೇ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಲಗಲಿ, 12.15ಕ್ಕೆ ಎಬ್ಬಿಸಿ. ಮಂಚದಿಂದ ದಿಢೀರನೆ ಏಳದೆ ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಲಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ನಡುರಾತ್ರಿ ಗಟ್ಟಿ ಕಾಫಿ ಕೊಟ್ಟರೆ ಪಂದ್ಯ ಮುಗಿದ ಮೇಲೂ ನಿದ್ದೆ ಹತ್ತದು. ಗಂಜಿ ಅಥವಾ ಮಜ್ಜಿಗೆ ಕೊಡಿ. ಈ ಸಲ ಪ್ರತಿ ಅರ್ಧದ ನಡುವೆ ಆಟಗಾರರಿಗೆ ಮೂರು ನಿಮಿಷದ ನೀರಿನ ಬಿಡುವಿದೆ, ರೋಗಿಗೂ ಆಗಲೇ ಅರ್ಧ ಲೋಟ ಕುಡಿಸಬಹುದು. 2022ರ ಫೈನಲ್‌ನಂತೆ ಪೆನಾಲ್ಟಿವರೆಗೂ ಹೋದರೆ ಮುಗಿಯುವಾಗ ಮೂರು ಗಂಟೆ ದಾಟುತ್ತದೆ. ಸುಸ್ತು ಕಂಡರೆ ಟಿವಿ ಆರಿಸಿ, ಮರುಪ್ರಸಾರ ಇದ್ದೇ ಇರುತ್ತದೆ. ಮದ್ಯ ಸುತರಾಂ ಬೇಡ, ಮೊದಲೇ ಬಳಲಿದ ಲಿವರ್ ಅದು. ಮೈದಾನಕ್ಕೆ ಇಳಿಯುವುದನ್ನು ವೈದ್ಯರು ಹೂಂ ಎನ್ನುವವರೆಗೆ ಮುಂದೂಡಿ.

ದೊಡ್ಡ ಪರದೆ ಹಾಕುವ ಯುವಕ ಸಂಘಗಳಿಗೂ ಒಂದು ವಿನಂತಿ. ಡೆಂಗಿ ಸೊಳ್ಳೆ ಹೆಚ್ಚು ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ. ಶಾಮಿಯಾನದ ಟಾರ್ಪಾಲಿನ ಗುಳಿ, ಬಿಸಾಡಿದ ಲೋಟ, ಎಳನೀರು ಬುರುಡೆ, ಅಡಿಕೆ ಹಾಳೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಪಂದ್ಯ ಮುಗಿದ ಮರುದಿನವೇ ಪರದೆಯ ಜೊತೆ ಟಾರ್ಪಾಲನ್ನೂ ಬಿಚ್ಚಿ ಒಣಗಿಸಿ.

— ಒಬ್ಬ ಶುಶ್ರೂಷಾಧಿಕಾರಿ, ಚಿಕ್ಕಮಗಳೂರು